ಸೈಕಲ್ ನಿಲ್ಲದ ಅಂಗಳಗಳು

ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ಸೈಕಲ್ ಪ್ರವಾಸ ಎಂಬುದೊಂದು ಸೊಗಸಾದ ಉದ್ಯಮ. ಬೆಳಿಗ್ಗೆ ಒಂದು ಹಳ್ಳಿಯಿಂದ ಹೊರಟು ಸಂಜೆಗೆ ಇನ್ನೊಂದು ಹಳ್ಳಿ ಸೇರುವುದು, ದಾರಿಯಲ್ಲಿ ಹಳೆಯ ಚರ್ಚು ನೋಡುವುದು, ರೈತರ ಮನೆಯ ಚೀಸ್ ತಿನ್ನುವುದು, ಅಲ್ಲಿಯದೇ ದ್ರಾಕ್ಷಿಯ ವೈನ್ ಕುಡಿಯುವುದು. ಸಾಮಾನು ಸರಂಜಾಮು ವ್ಯಾನಿನಲ್ಲಿ ಮೊದಲೇ ಮುಂದಿನ ಊರು ಸೇರಿರುತ್ತದೆ. ಪ್ರವಾಸಿಗನಿಗೆ ಉಳಿಯುವುದು ಪೆಡಲ್ ತುಳಿಯುವ ಸುಖ ಮಾತ್ರ.

ಈಗ ಅದೇ ಅಚ್ಚಿನಲ್ಲಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನೂ ಎರಕ ಹೊಯ್ಯಲಾಗುತ್ತಿದೆ. ಚೀಸ್ ಇದ್ದ ಜಾಗದಲ್ಲಿ ತಂಬುಳಿ, ವೈನ್ ಇದ್ದ ಜಾಗದಲ್ಲಿ ಮುರುಗಲ ಪಾನಕ, ಚರ್ಚಿನ ಜಾಗದಲ್ಲಿ ಶಾಲ್ಮಲೆಯ ಸಹಸ್ರಲಿಂಗ. ಪತ್ರಿಕೆಗಳ ವಾರಾಂತ್ಯದ ಪುರವಣಿಗಳನ್ನೂ ಹೋಂಸ್ಟೇಗಳ ಕರಪತ್ರಗಳನ್ನೂ ಓದುವವರಿಗೆ ಈ ಬರಹದ ಮಾದರಿ ಬಾಯಿಪಾಠವಾಗಿ ಹೋಗಿದೆ. ಮಂಜು ಮುಸುಕಿದ ದಾರಿ, ಅಡಿಕೆ ತೋಟದ ತಂಪು, ನೂರು ವರ್ಷದ ಕಂಬದ ಮನೆ, ಬಾಳೆಲೆಯಲ್ಲಿ ಊಟ, ಆಮೇಲೆ ಒಂದು ಜಲಪಾತ. ಈ ಬರಹಗಳನ್ನು ಓದುತ್ತಾ, ಚಳಿಗಾಲದ ಕೆಲವು ದಿನ ಅದೇ ದಾರಿಗಳಲ್ಲಿ ನಾವೂ ಸೈಕಲ್ ತುಳಿಯುತ್ತಾ, ನಮ್ಮಲ್ಲಿ ಎದ್ದ ಪ್ರಶ್ನೆಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ: ಪ್ರವಾಸದ ಬಗ್ಗೆಯಾಗಲೀ ಸೈಕಲ್ಲಿನ ಬಗ್ಗೆಯಾಗಲೀ ನಮ್ಮ ತಕರಾರಿಲ್ಲ. ಭೂಮಿಯ ಮೇಲೆ ಸಂಚರಿಸಿ ಸೃಷ್ಟಿಯನ್ನು ಕಣ್ತೆರೆದು ನೋಡಿ ಎಂದು ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಕಾರಿನ ಗಾಜಿನೊಳಗಿಂದ ಕಾಣದ್ದು ಸೈಕಲ್ಲಿನ ಮೇಲಿನಿಂದ ಕಾಣುತ್ತದೆ. ಏರಿನಲ್ಲಿ ಉಸಿರು ಬಿಗಿಹಿಡಿಯುವಾಗ ಊರಿನ ವಾಸನೆ, ಮಾತು, ಹೊಗೆ ಎಲ್ಲವೂ ಮೈಗೆ ತಾಗುತ್ತದೆ. ಪ್ರಶ್ನೆ ಇರುವುದು ಬೇರೆ ಕಡೆ. ಇಷ್ಟು ನಿಧಾನವಾಗಿ ಸಾಗುವ ವಾಹನದ ಮೇಲೆ ಕುಳಿತವನಿಗೂ ಊರಿನ ಅರ್ಧ ಜನ ಕಾಣದೇ ಹೋಗುವುದು ಹೇಗೆ?

ದಾರಿಯ ಮೊದಲ ಸೈಕಲ್ಲುಗಳು

ಈ ಘಟ್ಟದ ಹಳ್ಳಿಗಳ ನಡುವೆ ಸೈಕಲ್ ಓಡಿಸಿದವರಲ್ಲಿ ಪ್ರವಾಸಿಗರು ತೀರಾ ಈಚಿನವರು. ಅವರಿಗಿಂತ ಎಷ್ಟೋ ಮೊದಲು ಇಲ್ಲಿ ಸೈಕಲ್ ಓಡಿಸಿದವರು ಅಂಚೆಯವರು, ಶಾಲೆಯ ಮೇಷ್ಟ್ರುಗಳು, ಅವರ ಜೊತೆಗೆ ವ್ಯಾಪಾರಿಗಳು. ಮೀನಿನ ಬುಟ್ಟಿ, ಬಳೆಯ ಪೆಟ್ಟಿಗೆ, ಬಟ್ಟೆಯ ಗಂಟು, ಐಸ್‌ಕ್ಯಾಂಡಿ ಡಬ್ಬ, ಹಳೆಯ ಪಾತ್ರೆಯ ಚೀಲ - ಹಿಂದಿನ ಕ್ಯಾರಿಯರಿಗೆ ಇವನ್ನು ಕಟ್ಟಿಕೊಂಡು ಕಾಡಿನ ನಡುವಿನ ಒಂಟಿ ಮನೆಗಳನ್ನು ಪೇಟೆಗೆ ಜೋಡಿಸಿದವರು ಇವರು. ಇವರಲ್ಲಿ ಎಲ್ಲ ಜಾತಿಯವರೂ ಇದ್ದರು. ಮುಸ್ಲಿಮರು ಗಣನೀಯವಾಗಿಯೇ ಇದ್ದರು. ಪೇಟೆಯ ಸೈಕಲ್ ಶಾಪುಗಳಲ್ಲಿ ಪಂಚರ್ ಹಾಕಿ, ಬಾಡಿಗೆಗೆ ಸೈಕಲ್ ಕೊಟ್ಟು, ಮಲೆನಾಡಿನ ಹುಡುಗರಿಗೆ ಸೈಕಲ್ ಕಲಿಸಿದವರಲ್ಲಿಯೂ ಸಾಯ್ಬರ ಪಾಲು ದೊಡ್ಡದು.

ಶಿರಸಿ-ಸಿದ್ದಾಪುರ ರಸ್ತೆಯ ಒಂದು ಚಹಾದಂಗಡಿಯಲ್ಲಿ ಹಿಂದೆ ಬಟ್ಟೆ ಮಾರುತ್ತಿದ್ದ ಹಿರಿಯರೊಬ್ಬರು ಸಿಕ್ಕಿದರು. ನಮ್ಮ ಸೈಕಲ್ಲುಗಳನ್ನು ಸುತ್ತು ಬಂದು ನೋಡಿದರು.

"ಎಷ್ಟು ಗೇರು ಇದಕ್ಕೆ?"

"ಇಪ್ಪತ್ತೊಂದು, ಚಾಚಾ."

"ನಮ್ದಕ್ಕೆ ಒಂದೇ ಇತ್ತು. ಏರು ಬಂದ್ರೆ ಇಳ್ದು ದೂಡೋದು." ಬಗ್ಗಿ ಹಿಂದಿನ ಚಕ್ರದ ಕಡೆ ನೋಡಿ ನಕ್ಕರು. "ಅಲ್ಲ ಮಾರಾಯ್ರೆ, ಸ್ಟ್ಯಾಂಡೇ ಇಲ್ವಲ್ಲ ಇದಕ್ಕೆ! ಮನೆ ಮುಂದೆ ನಿಲ್ಸೋದು ಹೇಗೆ?"

ಮಳೆ ಬಂದರೆ ಎಲ್ಲಿ ನಿಲ್ಲುತ್ತಿದ್ದಿರಿ ಎಂದು ಕೇಳಿದೆವು.

"ಯಾವ ಮನೆ ಹತ್ರ ಆಯ್ತೋ ಆ ಮನೆ ಜಗಲಿ. ಹೆಗಡೇರ ಮನೇಲಿ ಕಷಾಯ ಕೊಡೋರು, ನಾಯ್ಕರ ಮನೇಲಿ ಚಾ. ಕುಡ್ದು ಲೋಟ ನಾನೇ ತೊಳ್ದು ಕವುಚಿ ಇಡ್ತಿದ್ದೆ."

ಕೊನೆಯ ಮಾತನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಹೇಳದೆ ಬಿಡಲೂ ಇಲ್ಲ. ಹಳೆಯ ಮಲೆನಾಡಿನ ಸೌಹಾರ್ದದ ಬಗ್ಗೆ ನಾವು ಬಹಳ ಬರೆದಿದ್ದೇವೆ. ಆ ಸೌಹಾರ್ದದಲ್ಲಿ ಕಷಾಯವೂ ಇತ್ತು, ಕವುಚಿಟ್ಟ ಲೋಟವೂ ಇತ್ತು. ಒಂದನ್ನು ನೆನೆದು ಇನ್ನೊಂದನ್ನು ಮರೆತರೆ ಅದು ಇತಿಹಾಸವಾಗುವುದಿಲ್ಲ, ಕರಪತ್ರವಾಗುತ್ತದೆ. ಆದರೂ ಒಂದು ಮಾತು ನಿಜ. ಆ ಸೈಕಲ್ ಪ್ರತಿ ಅಂಗಳದಲ್ಲೂ ನಿಲ್ಲುತ್ತಿತ್ತು. ಸಾಲದ ಲೆಕ್ಕ, ಮಗಳ ಮದುವೆಯ ಸುದ್ದಿ, ಆಸ್ಪತ್ರೆಗೆ ಹೋದವರ ವಿಚಾರ ಎಲ್ಲವೂ ಆ ಕ್ಯಾರಿಯರಿನಲ್ಲೇ ಊರಿಂದೂರಿಗೆ ಹೋಗುತ್ತಿತ್ತು.

ಇದನ್ನು ಈಗ ನೆನೆಯುವುದಕ್ಕೆ ಕಾರಣವಿದೆ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯಲ್ಲಿ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳನ್ನು ದೂರವಿಡಲಾಯಿತು. ಧಾರ್ಮಿಕ ದತ್ತಿ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ತೋರಿಸಲಾಯಿತು. ಜಾತ್ರೆ ಎಂದರೆ ದೇವರ ಪೂಜೆಯ ಜೊತೆಗೆ ಸುತ್ತಲ ನೂರಾರು ಹಳ್ಳಿಗಳ ಸಂತೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಜಾತ್ರೆಯಿಂದ ಬಳೆಗಾರನನ್ನು ಕಳಿಸಿದವರೂ ಪ್ರವಾಸದ ಚಿತ್ರದಿಂದ ಬಳೆಗಾರನನ್ನು ಬಿಟ್ಟವರೂ ಒಂದೇ ಎಂದು ನಾವು ಹೇಳುವುದಿಲ್ಲ. ಮೊದಲನೆಯದು ದ್ವೇಷ, ಎರಡನೆಯದು ಅಲಕ್ಷ್ಯ. ಆದರೆ ಕಣ್ಣಿಗೆ ಬೀಳದವನನ್ನು ಊರಿನಿಂದ ಹೊರಗಿಡುವುದು ಸುಲಭ ಎಂಬುದನ್ನು ಮರೆಯಬಾರದು.

ಎಲೆಯ ಮೇಲಿನ ರುಚಿ, ಎಲೆಯ ಆಚೆಯ ಕೈ

ಊಟದ ವಿಷಯಕ್ಕೆ ಬರೋಣ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನೆಲೆಯ ಕೊಟ್ಟೆ ಕಡುಬು, ಹಪ್ಪಳ, ಕಬ್ಬಿನ ಹಾಲಿನ ತೊಡದೇವು - ಹವ್ಯಕರ ಅಡುಗೆಮನೆಯ ಈ ಸಂಪತ್ತನ್ನು ಹೊಗಳಲು ನಮಗೆ ಯಾವ ಸಂಕೋಚವೂ ಇಲ್ಲ. ಕಾಡಿನ ಕುಡಿ, ತೋಟದ ಸೊಪ್ಪು, ಮನೆಯ ಮಜ್ಜಿಗೆ ಇಷ್ಟರಿಂದಲೇ ಇಷ್ಟೊಂದು ಬಗೆ ಮಾಡಿದ ಹೆಂಗಸರ ಜಾಣ್ಮೆ ದೊಡ್ಡದು. ಮಕ್ಕಳೆಲ್ಲ ಬೆಂಗಳೂರು ಸೇರಿ ಮುದುಕರಿಬ್ಬರೇ ಉಳಿದ ದೊಡ್ಡ ಮನೆಗಳಲ್ಲಿ ಅತಿಥಿಗಳು ಬಂದು ಉಂಡು ಹಣ ಕೊಟ್ಟರೆ ಆ ಮನೆಯೊಡತಿಗೂ ಒಂದು ಕೈ ಆಸರೆ. ಅದು ಒಳ್ಳೆಯದೇ.

ಆದರೆ ಕರಪತ್ರದ ಭಾಷೆ ಇಲ್ಲಿ ಒಂದು ಕೈಚಳಕ ಮಾಡುತ್ತದೆ. ಒಂದು ಸಮುದಾಯದ ಅಡುಗೆಯನ್ನು 'ಈ ನೆಲದ ಅಡುಗೆ' ಎಂದು ಕರೆದುಬಿಡುತ್ತದೆ. ಹಾಗೆ ಕರೆದ ಕೂಡಲೇ ದೀವರ ಮನೆಯ ಮೀನುಸಾರು, ಸಿದ್ದಿಯರ ಕೆಂಪಿರುವೆ ಚಟ್ನಿ, ಗೌಳಿಗರ ತುಪ್ಪ, ಶಿರಸಿಯ ಮುಸ್ಲಿಂ ಮನೆಗಳ ಅಕ್ಕಿರೊಟ್ಟಿ ಎಲ್ಲವೂ ನೆಲವಿಲ್ಲದ ಅಡುಗೆಗಳಾಗುತ್ತವೆ. ಪೇಟೆಯಲ್ಲಿ ಕರಾವಳಿಯ ಒಣಮೀನಿನ ವಾಸನೆ ಹೊಡೆಯುತ್ತಿದ್ದರೂ ಪ್ರವಾಸಿಗ ಮಲೆನಾಡನ್ನು ಸಸ್ಯಾಹಾರಿ ನಾಡೆಂದು ನಂಬಿ ಹಿಂತಿರುಗುತ್ತಾನೆ. ದೋಷ ಅಡುಗೆಯದ್ದಲ್ಲ, ಅದಕ್ಕೆ ಹಾಕಿದ ಚೌಕಟ್ಟಿನದ್ದು.

ಎಲೆಯ ತುದಿಯಲ್ಲಿ ಬಡಿಸುವ ಅಪ್ಪೆಮಿಡಿಯನ್ನೇ ನೋಡಿ. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೊಳೆಯಂಚಿನ ಎತ್ತರದ ಮರಗಳಲ್ಲಿ ಬೆಳೆಯುವ ಈ ಮಿಡಿ ನೆಲಕ್ಕೆ ಬಿದ್ದರೆ ಕೆಟ್ಟಿತು. ತೊಟ್ಟು ಮುರಿಯದಂತೆ, ಸೊನೆ ಸೋರದಂತೆ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು. ಮರ ಹತ್ತುವವನಿಗೆ ಬಿದ್ದರೆ ಸೊಂಟವಿಲ್ಲ. ಅಡಿಕೆಯ ಕಥೆಯೂ ಇದೇ. ಮಳೆಗಾಲದ ಕೊಳೆರೋಗಕ್ಕೆ ಮದ್ದು ಹೊಡೆಯಲು, ಕೊನೆ ಇಳಿಸಲು ಜಾರುವ ಮರ ಏರುವ ಕೊನೆಗೌಡ, ರಾತ್ರಿ ದೀಪದ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರು - ತೋಟದ ತಂಪಿನ ವರ್ಣನೆಯಲ್ಲಿ ಇವರಿಗೆ ಒಂದು ಸಾಲೂ ಸಿಗುವುದಿಲ್ಲ.

ಇಲ್ಲಿ ನಮಗೆ ನೆನಪಾಗುವವನು ಇಬ್ನ್ ಬತೂತಾ. 14ನೇ ಶತಮಾನದಲ್ಲಿ ಆ ಮೊರಾಕ್ಕೊದ ಯಾತ್ರಿಕ ಘಟ್ಟದ ಕೆಳಗಿನ ಹೊನ್ನಾವರಕ್ಕೆ ಬಂದಿದ್ದ. 1355ರಲ್ಲಿ ಬರಹಕ್ಕಿಳಿದ ಅವನ ಪ್ರವಾಸಕಥನದಲ್ಲಿ ಆ ಊರಿನ ಹೆಣ್ಣುಮಕ್ಕಳ 13 ಶಾಲೆಗಳ, ಗಂಡುಮಕ್ಕಳ 23 ಶಾಲೆಗಳ ಪ್ರಸ್ತಾಪವಿದೆ. ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ. ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನೂ ಅವನು ವಿವರಿಸಿದ್ದಾನೆ. ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿಶುಂಠಿ, ನಿಂಬೆ, ಮಾವು. ಎಲೆಯ ತುದಿಯ ಮಾವಿನ ಉಪ್ಪಿನಕಾಯಿ ಎಲ್ಲ ಧರ್ಮಗಳ ಮನೆಯಲ್ಲೂ ಎಷ್ಟು ಹಳೆಯದು ಎನ್ನುವುದಕ್ಕೆ ಇದೊಂದು ಸಾಕ್ಷಿ. ತಾಮ್ರದ ಸೌಟು ಹಿಡಿದು ಬಡಿಸಿದವಳು ಒಬ್ಬ ದಾಸಿ ಎಂಬುದನ್ನೂ ಅವನು ದಾಖಲಿಸಿದ. ಅವಳ ಹೆಸರನ್ನು ದಾಖಲಿಸಲಿಲ್ಲ. ನಮ್ಮವನೆಂದು ಅವನನ್ನು ಬಿಡುವಂತಿಲ್ಲ. ಆದರೂ ಇಂದಿನ ಪುರವಣಿ ಲೇಖಕನಿಗಿಂತ ಅವನು ಒಂದು ಹೆಜ್ಜೆ ಮುಂದಿದ್ದ. ಅವನಿಗೆ ಬಡಿಸಿದ ಕೈ ಕಂಡಿತ್ತು.

ವೈನಿನ ಬಗ್ಗೆಯೂ ಒಂದು ಮಾತು. ಮದ್ಯ ನಮಗೆ ನಿಷಿದ್ಧ. ಆಲ್ಪ್ಸಿನವರು ಅದನ್ನು ಪರಂಪರೆ ಎಂದು ಕರೆದು ಬಡಿಸುವಾಗ ಮೂಗು ಮುರಿಯುವುದು ನಮಗೆ ಸುಲಭ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯವನ್ನು 1988ರಲ್ಲಿ, ಅಡಿಕೆಯನ್ನು 2004ರಲ್ಲಿ ಪ್ರಕಟವಾದ ವರದಿಯಲ್ಲಿ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಮರುಪರಿಶೀಲನೆ ಕೇಳುತ್ತಿದ್ದಾರೆ. 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರ ಸಂಘ ನೂರು ವರ್ಷ ದಾಟಿದ ನಾಡಿದು, 2019ರಲ್ಲಿ ಶಿರಸಿ ಅಡಿಕೆಗೂ ಭೌಗೋಳಿಕ ಗುರುತು ಬಂದಿದೆ. ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆಯನ್ನು ಹಗುರವಾಗಿ ಆಡುವಂತಿಲ್ಲ. ಆದರೆ ತೋಟದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವವನು ಈ ಕಾಯಿ ಕೊನೆಗೆ ಗುಟ್ಕಾ ಚೀಟಿಯಾಗಿ ಯಾರ ಬಾಯಿ ಸೇರುತ್ತದೆ ಎಂದೂ ಕೇಳಬೇಕಲ್ಲವೇ? ಪ್ರತಿಯೊಂದು ನಾಡಿಗೂ ತಾನು ಕೇಳಲು ಹಿಂಜರಿಯುವ ಪ್ರಶ್ನೆಯೊಂದಿರುತ್ತದೆ. ನೆರೆಯವರದ್ದನ್ನು ಎತ್ತಿ ನಮ್ಮದನ್ನು ಮುಚ್ಚಿಡುವುದು ನ್ಯಾಯವಲ್ಲ.

ಮಂಚಿಕೇರಿಯ ದಾರಿಯಲ್ಲಿ

ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವವರಿಗೆ ಮಂಚಿಕೇರಿ ಸಿಗುತ್ತದೆ. ಅಲ್ಲಿಂದ ಮುಂದಿನ ಕಾಡುಗಳಲ್ಲಿ ಸಿದ್ದಿಯರ ಮನೆಗಳಿವೆ. ಪ್ರವಾಸದ ಚಿತ್ರಗಳಲ್ಲಿ ಸಿದ್ದಿಯರು ಇಲ್ಲವೆಂದಲ್ಲ, ಇದ್ದಾರೆ - ಡಮಾಮಿ ಬಾರಿಸುತ್ತಾ, ಕುಣಿಯುತ್ತಾ, ಗುಂಗುರು ಕೂದಲಿನ ಮಕ್ಕಳಾಗಿ. 'ಭಾರತದ ಆಫ್ರಿಕಾ' ಎಂಬ ಶೀರ್ಷಿಕೆಯನ್ನೂ ಕಂಡಿದ್ದೇವೆ. ಶತಮಾನಗಳಿಂದ ಇಲ್ಲಿಯೇ ಹುಟ್ಟಿ, ಇಲ್ಲಿಯ ಕನ್ನಡ, ಕೊಂಕಣಿ ಆಡುವವರನ್ನು ಹೀಗೆ ಕರೆಯುವುದು ಹೊಗಳಿಕೆಯ ವೇಷದ ಅವಮಾನ.

ಅವರ ಪೂರ್ವಜರಲ್ಲಿ ಬಹುಪಾಲು ಜನ ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. ಆಫ್ರಿಕಾದಿಂದ ಗುಲಾಮರನ್ನು ಸಾಗಿಸಿದ ವ್ಯಾಪಾರದಲ್ಲಿ ಅರಬ್ ವರ್ತಕರೂ ಇದ್ದರು ಎಂಬುದನ್ನು ನಮ್ಮ ಪತ್ರಿಕೆಯಂಥ ಪತ್ರಿಕೆ ಮುಚ್ಚಿಡಬಾರದು. ಬಿಲಾಲರ ಹೆಸರನ್ನು ಗೌರವದಿಂದ ಹೇಳುವ ನಾವು ನಮ್ಮ ಮಗ್ಗುಲಿನ ಸಿದ್ದಿ ಮುಸ್ಲಿಮರ ಮನೆಗೆ ಎಷ್ಟು ಸಲ ಹೋಗಿದ್ದೇವೆ? ಅವರ ಮನೆಯ ಹೆಣ್ಣು ತಂದವರು, ಅವರಿಗೆ ಹೆಣ್ಣು ಕೊಟ್ಟವರು ಎಷ್ಟು ಮಂದಿ? ಈ ಲೆಕ್ಕವನ್ನು ನಾವು ನಾವೇ ಹಾಕಿಕೊಳ್ಳಬೇಕು.

ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಸತ್ತ ಹಿರಿಯರನ್ನು ನೆನೆಯುವ ಆಚರಣೆ ಧರ್ಮ ದಾಟಿ ಅವರನ್ನು ಹಿಡಿದಿಟ್ಟಿದೆ. 1980ರ ದಶಕದಲ್ಲಿ ಚಿನುವ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವಾಗಿ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ರಂಗಕ್ಕೆ ಬಂದಾಗ ಅದರಲ್ಲಿ ಅಭಿನಯಿಸಿದವರು ಇಲ್ಲಿಯ ಸಿದ್ದಿಯರೇ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ರಂಗಭೂಮಿ, ರಾಜಕಾರಣ, ಕಾನೂನಿನ ಹೋರಾಟ ಇಷ್ಟೆಲ್ಲ ಇರುವ ಸಮುದಾಯವನ್ನು ಅರ್ಧ ಗಂಟೆಯ ಕುಣಿತಕ್ಕೆ ಇಳಿಸುವುದನ್ನು ಪರಂಪರೆಯ ದರ್ಶನ ಎನ್ನಲಾಗದು.

ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಇರಬೇಕು, ಇಲ್ಲದಿದ್ದರೆ ಕೌದಿ ಪೂರ್ತಿಯಾದಂತಲ್ಲ. ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡವು. ಶಿರಸಿಯ ಹೋಂಸ್ಟೇಯ ಮಂಚದ ಮೇಲೆ ಮಾತ್ರ ನಮಗೆ ಕಂಡದ್ದು ಮಿಲ್ಲಿನ ಚಾದರ. ಹತ್ತು ಮೈಲಿ ದೂರದ ಕೈಯ ಕೆಲಸ ಸಮುದ್ರ ದಾಟಬಲ್ಲದು, ಪಕ್ಕದೂರಿನ ಮಂಚ ಏರಲಾರದು!

ಪರಂಪರೆ ಎಂದರೆ ಕಟ್ಟಡವಷ್ಟೇ ಅಲ್ಲ

ಸೋಂದೆಯಲ್ಲಿ ಸ್ಮಾರ್ತರ ಸ್ವರ್ಣವಲ್ಲಿ ಮಠ, ವಾದಿರಾಜರ ಮಠ, ಜೈನ ಮಠ ಒಂದೇ ಸೀಮೆಯೊಳಗಿವೆ. ಸಿದ್ದಾಪುರದ ಬಿಳಗಿಯಲ್ಲಿ ರತ್ನತ್ರಯ ಬಸದಿ ಇದೆ. ಬನವಾಸಿಯಲ್ಲಿ ಮಧುಕೇಶ್ವರನಿದ್ದಾನೆ. ಇವನ್ನೆಲ್ಲ ನೋಡಬೇಕು. ಆದರೆ ಕಲ್ಲಿನದ್ದು ಮಾತ್ರ ಪರಂಪರೆಯೇ? ಶಿರಸಿ ಪೇಟೆಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. 1932ರ ಸುಮಾರಿಗೆ ಸಿದ್ದಾಪುರ, ಅಂಕೋಲೆಗಳ ರೈತರು ಕರ ಕೊಡದೆ ಜಮೀನು ಕಳೆದುಕೊಂಡರು. ಆ ಚಳವಳಿಯ ಮಹಿಳೆಯರ ನೆನಪು ಜೋಗದ ದಾರಿಯ ಮಾವಿನಗುಂಡಿಯಲ್ಲಿದೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ತಬ್ಬಿ ಕೊಡಲಿಯನ್ನು ತಡೆದರು. 'ಅಪ್ಪಿಕೋ' ಎಂದು ನಾಡಿಗೆಲ್ಲ ತಿಳಿದದ್ದು ಆ ಚಳವಳಿ. ಪ್ರವಾಸಿಗ ಹೊಗಳುವ ಹಸಿರು ತಾನಾಗಿ ಉಳಿದದ್ದಲ್ಲ, ಜನ ಉಳಿಸಿದ್ದು.

ಈ ವಿಷಯದಲ್ಲಿ ಆಲ್ಪ್ಸಿನಿಂದ ಕಲಿಯುವುದು ನಿಜಕ್ಕೂ ಇದೆ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದೂರಿನವರು 1483ರಲ್ಲೇ ತಮ್ಮ ಹುಲ್ಲುಗಾವಲು, ಕಾಡುಗಳಿಗೆ ಲಿಖಿತ ಕಟ್ಟಳೆ ಮಾಡಿಕೊಂಡಿದ್ದರು. 1517ರ ಒಂದು ನಿಯಮ ಬಹಳ ಸರಳ: ಚಳಿಗಾಲದಲ್ಲಿ ನಿನ್ನ ಕೊಟ್ಟಿಗೆಯಲ್ಲಿ ಎಷ್ಟು ದನ ಸಾಕಬಲ್ಲೆಯೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಊರ ಗೋಮಾಳಕ್ಕೆ ಬಿಡು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೊರ್ ಆಸ್ಟ್ರಂ ತಮ್ಮ ಪುಸ್ತಕದಲ್ಲಿ ಈ ಊರನ್ನು ಉದಾಹರಿಸಿದ್ದಾರೆ. ಅಲ್ಲಿನ ಬೆಟ್ಟ ಇಂದಿಗೂ ಹಸಿರಾಗಿದ್ದರೆ ಅದಕ್ಕೆ ಇಂಥ ಹಂಚಿಕೆಯ ಕಟ್ಟಳೆಯೂ ಒಂದು ಕಾರಣ. ಆ ಕಟ್ಟಳೆ ಹೊರಗಿನಿಂದ ಬಂದವರನ್ನು ಹೊರಗೇ ಇಟ್ಟಿತ್ತು ಎಂಬುದೂ ನಿಜ.

ನಮ್ಮಲ್ಲಿಯೂ ಸೊಪ್ಪಿನ ಬೆಟ್ಟದ ಕಟ್ಟಳೆ ಇದೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೊಪ್ಪಿನ ಸವಲತ್ತು. ತೋಟ ಉಳಿದದ್ದು ಆ ಬೆಟ್ಟದಿಂದ. ಆದರೆ ತೋಟವೇ ಇಲ್ಲದವನಿಗೆ ಬೆಟ್ಟವೂ ಇಲ್ಲ. ಕಾಡಿನಂಚಿನ ಬಡವರು 2006ರ ಅರಣ್ಯ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು. ಆ ಕಾಯ್ದೆಯೂ ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರಿನ, ಎಂದರೆ 75 ವರ್ಷಗಳ, ವಾಸದ ಪುರಾವೆ ಕೇಳುತ್ತದೆ. ಅಜ್ಜ ಕಾಡಿನಲ್ಲಿ ಗುಡಿಸಲು ಹಾಕಿದ್ದಕ್ಕೆ ಕಾಗದ ಎಲ್ಲಿಂದ ತರುವುದು? ಪ್ರವಾಸಿಗ ಆ ದಾರಿಯಲ್ಲಿ ಸಾಗುವಾಗ ಎಡಕ್ಕೆ ಕಾಣುವ ಸೋಗೆಮನೆಯನ್ನು 'ಮುಗ್ಧ ಬದುಕು' ಎಂದು ಬರೆಯುತ್ತಾನೆ. ಆ ಮನೆಯವನು ಅತಿಕ್ರಮಣದ ನೋಟಿಸನ್ನು ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟುಕೊಂಡು ಕೂತಿರಬಹುದು.

ನಾವು ಕೇಳುವುದು ಇಷ್ಟೇ

ಸೈಕಲ್ ಪ್ರವಾಸ ಬೆಳೆಯಲಿ. ಕಾರುಗಳ ದಂಡು ಬಂದು ಜಲಪಾತದ ಬುಡದಲ್ಲಿ ಬಾಟಲಿ ಬಿಸಾಡಿ ಹೋಗುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಟೋರ್ಬೆಲ್‌ನ ದನದ ಲೆಕ್ಕ ಅತಿಥಿಗಳಿಗೂ ಅನ್ವಯವಾಗಲಿ. ಬೇಸಿಗೆಯಲ್ಲಿ ಊರಿನ ಬಾವಿಗೆ ಎಷ್ಟು ಜನರನ್ನು ತಾಳುವ ಶಕ್ತಿಯಿದೆಯೋ ಅಷ್ಟೇ ಜನ ಬರಲಿ. ಮಧ್ಯಾಹ್ನದ ಊಟ ಹೆಗಡೆಯವರ ಮನೆಯಲ್ಲಾದರೆ ಸಂಜೆಯ ರೊಟ್ಟಿ ಸಿದ್ದಿಯರ ಮನೆಯಲ್ಲಾಗಲಿ, ಮರುದಿನದ ಚಹಾ ನಾಯ್ಕರದ್ದೋ ಸಾಯ್ಬರದ್ದೋ ಆಗಲಿ. ಕೊಡುವ ಹಣ ಮರ ಹತ್ತಿದವನಿಗೂ ತಲುಪಲಿ. ಮಂಚದ ಮೇಲೆ ಕೌದಿ ಇರಲಿ, ಹೊಲಿದವಳ ಹೆಸರು ಅದರ ಜೊತೆಗಿರಲಿ.

ಬರೆಯುವವರಿಗೂ ಒಂದು ಕೋರಿಕೆ. ಎಲೆಯ ಮೇಲಿನ ಪದಾರ್ಥಗಳ ಪಟ್ಟಿ ಬರೆದಾದ ಮೇಲೆ ಅದನ್ನು ಕೊಯ್ದವರು, ಹೊತ್ತವರು, ಮಾರಿದವರು ಯಾರೆಂದು ಇನ್ನೊಂದು ಸಾಲು ಬರೆಯಿರಿ. ನಾವು ಮುಸ್ಲಿಮರೂ ನಮ್ಮ ಮನೆಯ ಬಾಗಿಲು ತೆರೆಯಬೇಕು. ಯಾರೂ ನಮ್ಮನ್ನು ಕರೆಯುವುದಿಲ್ಲ ಎಂದು ಕೊರಗುವ ನಾವು ಯಾರನ್ನು ಕರೆದು ಉಣಿಸಿದ್ದೇವೆ?

ಆ ಚಹಾದಂಗಡಿಯಿಂದ ಹೊರಡುವಾಗ ಚಾಚಾ ನಮ್ಮನ್ನು ತಡೆದು, ಹತ್ತಿರದಲ್ಲೇ ತಮ್ಮ ಮನೆ, ಒಂದು ಗಳಿಗೆ ಬಂದು ಹೋಗಿ ಎಂದರು. ಕತ್ತಲಾಗುವ ಮೊದಲು ಸಿದ್ದಾಪುರ ಸೇರಬೇಕು, ಅಲ್ಲಿ ಊಟ ಹೇಳಿಯಾಗಿದೆ ಎಂದೆವು. "ಆಯ್ತು, ಹೋಗ್ಬನ್ನಿ" ಎಂದರು. ಬರೆದ ವಿಮರ್ಶೆಯೆಲ್ಲ ಮೊದಲು ನಮಗೇ ಅನ್ವಯಿಸುತ್ತದೆ ಎಂಬುದು ಹೊಳೆಯುವಷ್ಟರಲ್ಲಿ ನಾವು ನಾಲ್ಕು ಮೈಲಿ ದಾಟಿಬಿಟ್ಟಿದ್ದೆವು.